ಮಾಗಡಿ ರಸ್ತೆಯ ಹುಡುಗರಿಗೆ ಟೆಲಿಗ್ರಾಫ್ ರಸ್ತೆಯ ಹಾಡು

ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಡುವ ರಸ್ತೆಗಳಲ್ಲಿ ಮಾಗಡಿ ರಸ್ತೆಗೆ ಹೆಸರು ಹಳೆಯದು, ಹೊಗಳಿಕೆ ಮಾತ್ರ ಕಡಿಮೆ. ಮೈಸೂರು ರಸ್ತೆಗೆ ದಸರೆಯ ನೆನಪಿದೆ, ತುಮಕೂರು ರಸ್ತೆಗೆ ಕಾರ್ಖಾನೆಗಳ ಗತ್ತಿದೆ. ಮಾಗಡಿ ರಸ್ತೆಗೆ ಏನಿದೆ ಎಂದು ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವರೂ ಒಂದು ಕ್ಷಣ ತಡವರಿಸುತ್ತಾರೆ. ಬಿನ್ನಿಪೇಟೆಯ ಕಡೆಯಿಂದ ಹೊರಟು, ಟೋಲ್‌ಗೇಟ್ ದಾಟಿ, ಎಡಗಡೆ ವಿಜಯನಗರ, ಗೋವಿಂದರಾಜನಗರ, ಬಲಗಡೆ ಬಸವೇಶ್ವರನಗರದ ಸೆರಗು, ಮುಂದೆ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಬ್ಯಾಡರಹಳ್ಳಿ, ತಾವರೆಕೆರೆ ಎಂದು ಸಾಗಿ ಕೊನೆಗೆ ಕೆಂಪೇಗೌಡರ ಮಾಗಡಿಯನ್ನು ಮುಟ್ಟುವ ಸುಮಾರು 50 ಕಿಲೋಮೀಟರಿನ ದಾರಿ ಇದು. ಟೋಲ್‌ಗೇಟಿನಲ್ಲಿ ಈಗ ಸುಂಕವೂ ಇಲ್ಲ, ಗೇಟೂ ಇಲ್ಲ. ಬಸ್ ಕಂಡಕ್ಟರನ ಬಾಯಲ್ಲಿ ಹೆಸರು ಮಾತ್ರ ಉಳಿದಿದೆ.

ಇಂಥ ಒಂದು ಸಾಮಾನ್ಯ ರಸ್ತೆಯ ಮೇಲೂ ಹಾಡು ಕಟ್ಟಬಹುದು, ಅದನ್ನು ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳಬಹುದು ಎಂದು ನನಗೆ ತಿಳಿಸಿಕೊಟ್ಟವರು ಈ ಊರಿನವರಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬೆಳೆದ ಗಿಟಾರ್ ವಾದಕ ಮಾರ್ಕ್ ನಾಫ್ಲರ್. 'ಡೈರ್ ಸ್ಟ್ರೇಟ್ಸ್' ಎಂಬ ತಂಡದ ಮುಂದಾಳಾಗಿ ಪ್ರಸಿದ್ಧರಾದ ಅವರು ತಮ್ಮ 'ಶಾಂಗ್ರಿ-ಲಾ' ಪ್ರವಾಸದಲ್ಲಿ ಮುಂಬಯಿಯ ಕಛೇರಿ ಮುಗಿಸಿಕೊಂಡು 2005ರ ಮಾರ್ಚ್ 7ರ ಸೋಮವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಆಗ ಅವರಿಗೆ 55 ವರ್ಷ. ಆ ಸಂಜೆ ಗೋವಿಂದರಾಜನಗರದಿಂದ ಹೊರಟ ನಮ್ಮ ಪುಟ್ಟ ದಂಡಿನ ಕಥೆಯನ್ನೂ, ಆ ನೆಪದಲ್ಲಿ ನಮ್ಮ ರಸ್ತೆಯ ಕಥೆಯನ್ನೂ ಹೇಳುವುದು ಈ ಲೇಖನದ ಉದ್ದೇಶ.

ಪೆಂಡಾಲಿನಲ್ಲಿ ಕೇಳಿದ ತಂತಿ

ಗೋವಿಂದರಾಜನಗರಕ್ಕೂ ಗಿಟಾರಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಪಾಶ್ಚಾತ್ಯ ಸಂಗೀತವೆಂದರೆ ದಂಡು ಪ್ರದೇಶ, ಬ್ರಿಗೇಡ್ ರಸ್ತೆ, ಕಾನ್ವೆಂಟ್ ಶಾಲೆಗಳು ಎಂಬ ಎಣಿಕೆ ಬಹಳ ಕಾಲ ಇತ್ತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ನಮ್ಮ ಕಡೆಯ ಹುಡುಗರು ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಮೊದಲು ಕೇಳಿದ್ದು ಗಣೇಶನ ಪೆಂಡಾಲಿನ ಮುಂದೆ. ಭಾದ್ರಪದದಲ್ಲಿ ಗಣೇಶೋತ್ಸವ, ನವೆಂಬರಿನಲ್ಲಿ ರಾಜ್ಯೋತ್ಸವ. ಎರಡಕ್ಕೂ ಬೀದಿಗೆ ಅಡ್ಡಲಾಗಿ ವೇದಿಕೆ ಕಟ್ಟಿ, ಸೀರಿಯಲ್ ದೀಪ ಬಿಟ್ಟು, ಆರ್ಕೆಸ್ಟ್ರಾ ಕರೆಸುವುದು ವಾಡಿಕೆ. ಹಾಡುವವರ ಮೇಲೆ ಎಲ್ಲರ ಕಣ್ಣು. ಹಿಂದೆ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತು, ಪಲ್ಲವಿಗೂ ಚರಣಕ್ಕೂ ನಡುವಿನ ಬಿಡುವನ್ನು ತುಂಬುವವನು ಗಿಟಾರಿನವನು. 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ' ಬಂತು. ಅದರ ಸಂಗೀತ ನಿರ್ದೇಶಕ ಇಳಯರಾಜಾ ಸ್ವತಃ ಗಿಟಾರ್ ಬಲ್ಲವರು. ಆ ಚಿತ್ರದ ಹಾಡುಗಳನ್ನು ನುಡಿಸಬಲ್ಲ ಗಿಟಾರಿನವನಿದ್ದರೆ ಆ ಆರ್ಕೆಸ್ಟ್ರಾಕ್ಕೆ ನಮ್ಮ ಬೀದಿಯಲ್ಲಿ ವಿಶೇಷ ಮರ್ಯಾದೆ.

ನನ್ನ ಕಿವಿಗೆ ಆ ಗೀಳು ಹತ್ತಿದ್ದು ಹಾಗೆ. ಆಮೇಲೆ ಕ್ಯಾಸೆಟ್ ಬಂತು. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗೆ ಚೀಟಿ ಬರೆದುಕೊಟ್ಟು, ಎರಡು ದಿನ ಬಿಟ್ಟು ಹೋಗಿ ತರಬೇಕು. ಟೇಪು ಸಿಕ್ಕಿಹಾಕಿಕೊಂಡರೆ ರೆನಾಲ್ಡ್ಸ್ ಪೆನ್ನು ತೂರಿಸಿ ಸುತ್ತಬೇಕು. ಅಂಥ ಒಂದು ಕ್ಯಾಸೆಟ್ಟಿನಲ್ಲಿ, ನಾನು ಕೇಳದೇ ಇದ್ದರೂ, ಜಾಗ ಉಳಿಯಿತೆಂದು ಅಂಗಡಿಯವನೇ ತುಂಬಿಸಿಕೊಟ್ಟ ಹಾಡು ಡೈರ್ ಸ್ಟ್ರೇಟ್ಸ್ ತಂಡದ್ದು. ಹಾಡುವವನು ಹಾಡುತ್ತಾನೋ ಮಾತಾಡುತ್ತಾನೋ ಎಂದು ತಿಳಿಯದ ದನಿ. ಅದು ನಿಂತೊಡನೆ ಗಿಟಾರು ಮಾತು ಮುಂದುವರಿಸುತ್ತಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಪದಗಳು ಹಿಡಿಯುವುದಕ್ಕೆ ತಿಂಗಳುಗಳೇ ಬೇಕಾದವು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಕೇಳಿಸಿದಂತೆ ಕನ್ನಡದಲ್ಲಿ ಬರೆದುಕೊಳ್ಳುವುದು, ನಿಘಂಟು ತೆರೆಯುವುದು. ತಂಡದ ಹೆಸರಿನ ಅರ್ಥ ತಿಳಿದಾಗ ನಗು ಬಂತು: ಕೈಯಲ್ಲಿ ಕಾಸಿಲ್ಲದ ಕಡುಕಷ್ಟ! ತಿಂಗಳ ಕೊನೆಯ ವಾರದಲ್ಲಿ ನಮ್ಮ ವಠಾರದ ಎಲ್ಲ ಮನೆಗಳಿಗೂ ಇಡಬಹುದಾದ ಹೆಸರು. ಇಂಗ್ಲಿಷ್ ಕಲಿಯಲು ಹೆಣಗುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬಹುದು. ವ್ಯಾಕರಣದ ಪುಸ್ತಕ ಬೇಕು, ನಿಜ. ಆದರೆ ಅರ್ಥವಾಗದ ಒಂದು ಹಾಡಿನ ಬೆನ್ನು ಹತ್ತುವುದು ಆ ಪುಸ್ತಕ ತೆರೆಯುವುದಕ್ಕೆ ಒಳ್ಳೆಯ ಕಾರಣ.

ವರದಿಗಾರ, ಮೇಷ್ಟ್ರು, ಆಮೇಲೆ ಗಿಟಾರು

ನಾಫ್ಲರ್ ಅವರ ಬದುಕಿನ ಕಥೆಯನ್ನು ನಾನು ನಮ್ಮ ಬೀದಿಯ ಅನೇಕ ತಂದೆತಾಯಿಯರಿಗೆ ಹೇಳಿದ್ದೇನೆ. ಕೇಳಿದವರು ಪ್ರತಿಸಲವೂ ಒಂದೇ ಜಾಗದಲ್ಲಿ ಹುಬ್ಬೇರಿಸುತ್ತಾರೆ. ಆದ್ದರಿಂದ ಇಲ್ಲಿಯೂ ಹೇಳುತ್ತೇನೆ.

ಹುಟ್ಟಿದ್ದು 1949ರ ಆಗಸ್ಟ್ 12. ತಂದೆ ಹಂಗೇರಿಯಿಂದ ನಾಜಿಗಳ ಕಾಟ ತಪ್ಪಿಸಿಕೊಂಡು ಬಂದ ಯಹೂದಿ, ವೃತ್ತಿಯಲ್ಲಿ ವಾಸ್ತುಶಿಲ್ಪಿ. ತಾಯಿ ಶಿಕ್ಷಕಿ. ಹುಡುಗನಿಗೆ ಏಳು ವರ್ಷವಾದಾಗ ಸಂಸಾರ ತಾಯಿಯ ಸೀಮೆಗೆ, ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್ ಕಡೆಗೆ ಬಂದು ನೆಲೆಸಿತು. ಚಿಕ್ಕಪ್ಪನಂತಿದ್ದ ಬಂಧುವೊಬ್ಬರ ಮೌತ್ ಆರ್ಗನ್ ಮತ್ತು ಪಿಯಾನೊ ಹುಡುಗನ ತಲೆ ಕೆಡಿಸಿದವು. ಹ್ಯಾಂಕ್ ಮಾರ್ವಿನ್ ಎಂಬ ವಾದಕನ ಕೈಯಲ್ಲಿದ್ದಂಥ ಕೆಂಪು ಗಿಟಾರು ಬೇಕೆಂದು ಹಟ. ಅದರ ಬೆಲೆ ಮಧ್ಯಮ ವರ್ಗದ ಮನೆಗೆ ಎಟುಕುವಂತಿರಲಿಲ್ಲ. ತಂದೆ 50 ಪೌಂಡು ಕೊಟ್ಟು ಅದೇ ಬಣ್ಣದ, ಕಡಿಮೆ ಬೆಲೆಯ ಒಂದು ಹಾಫ್ನರ್ ಗಿಟಾರು ತಂದುಕೊಟ್ಟರು. ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಮಾತ್ರ ಇರಲಿಲ್ಲ.

ಆಮೇಲೆ? ಹುಡುಗ ಮನೆ ಬಿಟ್ಟು ಓಡಿಹೋಗಲಿಲ್ಲ. ಪತ್ರಿಕೋದ್ಯಮ ಕಲಿತು ಲೀಡ್ಸ್ ನಗರದ 'ಯಾರ್ಕ್‌ಷೈರ್ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಕಿರಿಯ ವರದಿಗಾರನಾದ. ಕೆಲಸ ಬಿಟ್ಟು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1973ರಲ್ಲಿ ಪದವಿ ಪಡೆದ. ಲಂಡನ್ನಿಗೆ ಹತ್ತಿರದ ಲೌಟನ್ ಕಾಲೇಜಿನಲ್ಲಿ ಪಾಠ ಹೇಳಿದ. ಗಿಟಾರು ಸಂಜೆಯದು, ಪಾಠ ಹಗಲಿನದು. ತಮ್ಮ ಡೇವಿಡ್, ಗೆಳೆಯರಾದ ಜಾನ್ ಇಲ್‌ಸ್ಲಿ ಮತ್ತು ಪಿಕ್ ವಿದರ್ಸ್ ಸೇರಿ ತಂಡ ಕಟ್ಟಿದ್ದು 1977ರಲ್ಲಿ. ಲಂಡನ್ ರೇಡಿಯೊದ ಚಾರ್ಲಿ ಗಿಲ್ಲೆಟ್ ಎಂಬ ನಿರೂಪಕ ಅವರ ಮಾದರಿ ಟೇಪನ್ನು ಪ್ರಸಾರ ಮಾಡಿದ. ಮೊದಲ ಆಲ್ಬಂ 1978ರಲ್ಲಿ ಬಂದಾಗ ಮೇಷ್ಟ್ರಿಗೆ ವಯಸ್ಸು 29ರ ಹತ್ತಿರ. ಅವರನ್ನು ಪ್ರಸಿದ್ಧಿಗೆ ತಂದ ಮೊದಲ ಹಾಡೇ ಬೆರಳೆಣಿಕೆಯ ಜನರೆದುರು, ಮಳೆಯ ರಾತ್ರಿ, ಪಬ್ಬಿನ ಮೂಲೆಯಲ್ಲಿ ನುಡಿಸುತ್ತಿದ್ದ ಒಂದು ಜಾಜ್ ತಂಡದ ಕುರಿತದ್ದು. ಬಡಪಾಯಿ ವಾದಕರು ತಮ್ಮನ್ನು ಸುಲ್ತಾನರೆಂದು ಕರೆದುಕೊಂಡಿದ್ದು ಅವರಿಗೆ ಮುದ್ದೆನಿಸಿತಂತೆ. ವರದಿಗಾರನ ಕಣ್ಣು ಇಲ್ಲದಿದ್ದರೆ ಆ ಹಾಡು ಹುಟ್ಟುತ್ತಿರಲಿಲ್ಲ.

ಅಪ್ಪ ಅಮ್ಮಂದಿರು ಹುಬ್ಬೇರಿಸುವುದು ಇಲ್ಲಿಯೇ: 'ಅಂದರೆ ಓದಿ ಮುಗಿಸಿಯೇ ಬಾರಿಸಿದರು ಅನ್ನಿ!' ಹೌದು. ಆದರೆ ಕಥೆಯ ಇನ್ನೊಂದು ಅರ್ಧವೂ ಇದೆ. ಓದುವಾಗ, ವರದಿ ಬರೆಯುವಾಗ, ಪಾಠ ಹೇಳುವಾಗ, ಯಾವಾಗಲೂ ಅವರು ಗಿಟಾರನ್ನು ಅಟ್ಟಕ್ಕೆ ಹಾಕಲಿಲ್ಲ. ಎರಡನೆಯ ಅರ್ಧವನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಮೊದಲನೆಯದನ್ನು ಹೆತ್ತವರು. ಎರಡೂ ಒಂದೇ ಮನುಷ್ಯನ ಕಥೆ.

ಅವರು ನುಡಿಸುವ ಕ್ರಮದ ಬಗ್ಗೆಯೂ ನಾಲ್ಕು ಮಾತು. ಹೆಚ್ಚಿನ ರಾಕ್ ವಾದಕರು ಪ್ಲಾಸ್ಟಿಕ್ಕಿನ ಚೂರು, ಅಂದರೆ 'ಪಿಕ್', ಹಿಡಿದು ತಂತಿ ಮೀಟುತ್ತಾರೆ. ನಾಫ್ಲರ್ ಬರಿಗೈಯಲ್ಲಿ, ಹೆಬ್ಬೆರಳು, ತೋರುಬೆರಳು, ನಡುಬೆರಳು ಬಳಸಿ ಮೀಟುತ್ತಾರೆ. ನಮ್ಮ ವೈಣಿಕರೂ ತೋರುಬೆರಳು ಮತ್ತು ನಡುಬೆರಳುಗಳಿಂದ ತಂತಿ ಮೀಟಿ, ಕಿರುಬೆರಳಿಂದ ತಾಳದ ತಂತಿಯನ್ನು ತಟ್ಟುವುದನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಬೆರಳ ಚರ್ಮ ತಂತಿಗೆ ತಾಗಿದಾಗ ಸ್ವರದ ಮೊನೆ ಮೆತ್ತಗಾಗುತ್ತದೆ. ಒಂದೊಂದು ಸ್ವರಕ್ಕೂ ಬೇರೆ ಬೇರೆ ಒತ್ತು ಕೊಡಬಹುದು. ಇನ್ನೊಂದು ಸ್ವಾರಸ್ಯ: ಅವರು ಎಡಗೈ ರೂಢಿಯವರು. ಆದರೂ ಎಲ್ಲರಂತೆ ಬಲಗೈಯವರ ಗಿಟಾರನ್ನೇ ನುಡಿಸುತ್ತಾರೆ. ಎಡಚರೆಂದು ಮಕ್ಕಳನ್ನು ಗದರಿಸುವವರು ಇದನ್ನು ಗಮನಿಸಬಹುದು!

ರಸ್ತೆಯೊಂದರ ಆತ್ಮಕಥೆ

ಈಗ ರಸ್ತೆಯ ಹಾಡಿಗೆ ಬರೋಣ. 1982ರ 'ಲವ್ ಓವರ್ ಗೋಲ್ಡ್' ಆಲ್ಬಮ್ಮಿನ ಮೊದಲ ಹಾಡು 'ಟೆಲಿಗ್ರಾಫ್ ರೋಡ್'. ಹದಿನಾಲ್ಕು ನಿಮಿಷಕ್ಕೂ ಹೆಚ್ಚು ಉದ್ದ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿನ ಅರ್ಧಭಾಗವನ್ನು ಅದೊಂದೇ ನುಂಗುತ್ತಿತ್ತು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಮೋಟಾರು ಕಾರುಗಳ ನಗರ ಡೆಟ್ರಾಯಿಟ್ ಪಕ್ಕದಲ್ಲಿ ಹಾದುಹೋಗುವ ರಸ್ತೆಯ ಹೆಸರದು. ಪ್ರವಾಸದ ಬಸ್ಸಿನಲ್ಲಿ ಕೂತು ಆ ರಸ್ತೆಯಲ್ಲಿ ಸಾಗುವಾಗ ನಾಫ್ಲರ್ ಕೈಯಲ್ಲಿದ್ದುದು ನಾರ್ವೆಯ ಲೇಖಕ ಕ್ನೂಟ್ ಹಾಮ್ಸುನ್ ಬರೆದ, ಕಾಡು ಕಡಿದು ನೆಲ ಮಾಡಿಕೊಂಡ ರೈತನೊಬ್ಬನ ಕಾದಂಬರಿ. ಹಾಮ್ಸುನ್‌ಗೆ 1920ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ನಮ್ಮಲ್ಲಿ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಆ ಲೋಕ ಹತ್ತಿರದ್ದೆನಿಸುತ್ತದೆ. ಪುಸ್ತಕದಲ್ಲಿ ನೆಲಕ್ಕೆ ಬಂದಿಳಿದ ಮೊದಲ ಮನುಷ್ಯ. ಕಿಟಕಿಯಾಚೆ ಮುಗಿಯದ ಅಂಗಡಿ, ಗೋದಾಮು, ದೀಪದ ಕಂಬ. ಎರಡೂ ಸೇರಿ ಹಾಡಾಯಿತು.

ಹಾಡಿನ ಕಥೆ ಸರಳ. ಕಾಲುದಾರಿ ಹಿಡಿದು ಒಬ್ಬ ಬರುತ್ತಾನೆ, ದಣಿವಾರಿಸಿಕೊಳ್ಳಲು ಮೂಟೆ ಇಳಿಸುತ್ತಾನೆ, ಅಲ್ಲೇ ನೆಲೆಸುತ್ತಾನೆ. ಅವನ ಹಿಂದೆ ಇನ್ನಷ್ಟು ಜನ, ಪೂಜೆಯ ಮನೆ, ಶಾಲೆ, ಕಾನೂನು, ರೈಲು, ಗಣಿ, ಕಾರ್ಖಾನೆ. ಕಾಲುದಾರಿ ಹೆದ್ದಾರಿಯಾಗುತ್ತದೆ. ಆಮೇಲೆ ಕೆಲಸ ಇಲ್ಲವಾಗುತ್ತದೆ. ಮಾತು ನಿಂತ ಮೇಲೆ ಗಿಟಾರು ಕೊನೆಯ ನಾಲ್ಕೈದು ನಿಮಿಷ ಓಡುತ್ತದೆ, ವೇಗ ಹೆಚ್ಚಿಸಿಕೊಳ್ಳುತ್ತ, ಊರು ಬಿಟ್ಟು ಹೊರಟವನ ಹಾಗೆ.

ನಮ್ಮ ಮಾಗಡಿ ರಸ್ತೆಯನ್ನು ಈ ಹಾಡಿನ ಪಕ್ಕಕ್ಕಿಟ್ಟು ನೋಡಿ. ಒಂದು ತುದಿಯಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ಮಾಗಡಿ. ಇನ್ನೊಂದು ತುದಿಯಲ್ಲಿ 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಕಂಪೆನಿಯ ಹೆಸರಿನಿಂದ ಬಿನ್ನಿ ಮಿಲ್ ಎಂದೇ ಮನೆಮಾತಾದ ಬಟ್ಟೆ ಗಿರಣಿ. ಅದರ ಸೈರನ್ ಕೇಳಿ ಸುತ್ತಲ ಬಡಾವಣೆಗಳು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ರಸ್ತೆಯಿಂದ ಒಳಗೆ ಹೋದರೆ ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. 1933ರಿಂದ ದಶಕಗಟ್ಟಲೆ ಬೆಂಗಳೂರಿಗೆ ನೀರುಣಿಸಿದ ಕೆರೆ. ನಡುವೆ ಹೊಲ, ತೋಟ, ಪಾಳ್ಯ. ನಗರ ಬೆಳೆದಂತೆ ಹೊಲದಲ್ಲಿ ಸೈಟು, ಸೈಟಿನಲ್ಲಿ ಮನೆ, ಮನೆಯ ಕೆಳಗೆ ಅಂಗಡಿ. ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಸಣ್ಣ ಶೆಡ್ಡುಗಳು, ಶೆಡ್ಡಿನಲ್ಲೊಂದು ಲೇತ್, ಬಾಗಿಲಲ್ಲಿ ಸುರುಳಿ ಸುರುಳಿ ಕಬ್ಬಿಣದ ಚೂರು. ಕೊನೆಗೆ ಬಟ್ಟೆ ಗಿರಣಿಗಳ ಕಾಲ ಮುಗಿಯಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಅಪಾರ್ಟ್‌ಮೆಂಟುಗಳೂ ಮಾಲೂ ಎದ್ದಿವೆ.

ಹೆಸರು ಬದಲಿಸಿದರೆ ಅದೇ ಹಾಡು. ಸಾವಿರಾರು ಮೈಲಿ ದೂರದ ರಸ್ತೆಯ ಹಾಡು ಕೇಳಿಯೇ ನಾನು ದಿನವೂ ತುಳಿಯುತ್ತಿದ್ದ ರಸ್ತೆಯನ್ನು ಮೊದಲಸಲ ಕಣ್ಣು ಬಿಟ್ಟು ನೋಡಿದ್ದು.

ಮಾರ್ಚ್ ತಿಂಗಳ ಸಂಕಟ

ಬೆಂಗಳೂರಿಗೆ ಬಂದ ದೊಡ್ಡ ರಾಕ್ ತಂಡಗಳ ದಿನಾಂಕ ನೋಡಿದರೆ ವಿಚಿತ್ರವೆನಿಸುತ್ತದೆ. ರೋಲಿಂಗ್ ಸ್ಟೋನ್ಸ್ ಬಂದದ್ದು 2003ರ ಏಪ್ರಿಲ್‌ನಲ್ಲಿ. ನಾಫ್ಲರ್ 2005ರ ಮಾರ್ಚ್ 7ರಂದು. ಐರನ್ ಮೇಡನ್ 2007ರ ಮಾರ್ಚ್ 17ರಂದು. ಪರೀಕ್ಷೆಯ ತಿಂಗಳನ್ನೇ ಹುಡುಕಿಕೊಂಡು ಬಂದ ಹಾಗೆ! ಪಿಯುಸಿ, ಎಸ್‌ಎಸ್‌ಎಲ್‌ಸಿ ಮಕ್ಕಳಿರುವ ಮನೆಗಳಲ್ಲಿ ಟಿ.ವಿ.ಗೆ ಬಟ್ಟೆ ಹೊದಿಸಿ, ನೆಂಟರನ್ನು ಮುಂದಿನ ತಿಂಗಳಿಗೆ ದಾಟಿಸುವ ಕಾಲವದು.

ನಮ್ಮ ವಠಾರದ ಕೆಳಮನೆಯ ಹುಡುಗ ಆ ವರ್ಷ ದ್ವಿತೀಯ ಪಿಯುಸಿ. ನನ್ನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಒಯ್ದು ಸವೆಸಿದವನು. ಎರವಲು ಗಿಟಾರಿನಲ್ಲಿ ಕಾಡಿ ಬೇಡಿ ನಾಲ್ಕು ಪಟ್ಟು ಕಲಿತಿದ್ದ. ಕಛೇರಿಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ಮೆಟ್ಟಿಲು ಹತ್ತಿ ಬಂದ.

'ಮಾಮ, ನೀವು ಹೇಳಿದರೆ ಅಪ್ಪ ಕಳಿಸ್ತಾರೆ.'

ಹೇಳುವುದು ಸುಲಭವಿರಲಿಲ್ಲ. ಅವನ ತಂದೆ ಒಂದು ಗಿರಣಿಯಲ್ಲಿ ಹದಿನೆಂಟು ವರ್ಷ ದುಡಿದು, ಅದು ಬಾಗಿಲು ಹಾಕಿದ ಮೇಲೆ ಲೇತ್ ಕೆಲಸ ಕಲಿತು ಸಂಸಾರ ನಡೆಸುತ್ತಿದ್ದವರು. ಮಗನ ಅಂಕಪಟ್ಟಿಯೇ ಆ ಮನೆಯ ಆಸ್ತಿ. ಅವನ ತಾಯಿ ನೇರವಾಗಿಯೇ ಹೇಳಿದರು: 'ಅಣ್ಣಾ, ನೀವು ಕೆಲಸದಲ್ಲಿದ್ದೀರಿ, ನಿಮಗೆ ಹಾಡು ಶೋಕಿ. ಇವನಿಗೆ ಒಂದು ಮಾರ್ಕು ಹೋದರೆ ಸೀಟು ಹೋಯ್ತು. ನೀವೇ ಹೇಳಿ, ಕಳಿಸಬಹುದಾ?'

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆಕೆಯ ಮಾತಿನಲ್ಲಿ ತಪ್ಪೂ ಇರಲಿಲ್ಲ. ಹುಡುಗನೇ ಲೆಕ್ಕ ಹಾಕಿ ಒಂದು ಕಾಗದ ತಂದು ತೋರಿಸಿದ. ಕಳೆದ ಹದಿನೈದು ದಿನ ಎಷ್ಟು ಹೊತ್ತಿಗೆ ಎದ್ದ, ಏನು ಓದಿದ, ಯಾವ ಪಾಠ ಬಾಕಿ, ಒಂದು ಸಂಜೆ ಹೋದರೆ ಅದನ್ನು ಯಾವ ಮೂರು ಬೆಳಗಿನಲ್ಲಿ ತುಂಬಿಕೊಡುತ್ತೇನೆ, ಎಲ್ಲ ಪಟ್ಟಿ. ತಂದೆ ಕಾಗದವನ್ನು ಎರಡು ಸಲ ಓದಿದರು. ನಕ್ಷೆ ನೋಡಿ ಕಬ್ಬಿಣ ಕಡೆಯುವ ಮನುಷ್ಯ. ಅಳತೆ ಸರಿಯಾಗಿದ್ದರೆ ತಕರಾರು ತೆಗೆಯುವವರಲ್ಲ.

'ಹೋಗಲಿ. ಆದರೆ ರಾತ್ರಿ ಹೊತ್ತು ಒಬ್ಬನೇ ಬೇಡ. ನಾನೂ ಬರ್ತೀನಿ' ಅಂದರು.

ಅರಮನೆ ಮೈದಾನದಲ್ಲಿ

ಗೋವಿಂದರಾಜನಗರದಿಂದ ಅರಮನೆ ಮೈದಾನ ಹತ್ತು ಕಿಲೋಮೀಟರಿನ ಆಸುಪಾಸು. ಮೆಟ್ರೋ ಇನ್ನೂ ಇರಲಿಲ್ಲ. ಮೆಜೆಸ್ಟಿಕ್‌ವರೆಗೆ ಒಂದು ಬಸ್ಸು, ಅಲ್ಲಿಂದ ಮೇಖ್ರಿ ಸರ್ಕಲ್ ಕಡೆಗೆ ಇನ್ನೊಂದು. ಆಫೀಸು ಬಿಡುವ ಹೊತ್ತಿನ ಬಸ್ಸಿನಲ್ಲಿ ನಾವು ಮೂವರು: ಬೂದು ಬಣ್ಣದ ಅಂಗಿಯ ಲೇತ್ ಯಜಮಾನರು, ಜೇಬಿನಲ್ಲಿ ರಸಾಯನಶಾಸ್ತ್ರದ ಸೂತ್ರಗಳ ಚೀಟಿ ಇಟ್ಟುಕೊಂಡ ಹುಡುಗ, ನಾನು. ಯಶವಂತಪುರ ಕಡೆಯಿಂದಲೂ ರಾಜಾಜಿನಗರದಿಂದಲೂ ಅದೇ ದಿಕ್ಕಿಗೆ ಹೊರಟ ಹುಡುಗರು ಮೆಜೆಸ್ಟಿಕ್‌ನಲ್ಲಿ ಸಿಕ್ಕರು. ದಂಡು ಪ್ರದೇಶದವರಿಗಷ್ಟೇ ಈ ಸಂಗೀತ ಎಂದು ಯಾರು ಹೇಳಿದ್ದು?

ಅರಮನೆ ಮೈದಾನಕ್ಕೂ ಒಂದು ಕಥೆಯಿದೆ. ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಗೆ ಸೇರಿದ್ದ ಈ ಆಸ್ತಿಯನ್ನು 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ ಕೊಳ್ಳಲಾಯಿತು. ಸುಮಾರು 450 ಎಕರೆಯ ಈ ನೆಲದಲ್ಲಿ ಮದುವೆ, ವಸ್ತುಪ್ರದರ್ಶನ, ರಾಜಕೀಯ ಸಭೆ, ರಾಕ್ ಕಛೇರಿ ಎಲ್ಲಕ್ಕೂ ಜಾಗವಿದೆ. ಮೇಷ್ಟ್ರೊಬ್ಬರ ಹಿತ್ತಿಲಲ್ಲಿ ಇನ್ನೊಬ್ಬ ಮಾಜಿ ಮೇಷ್ಟ್ರು ಗಿಟಾರು ನುಡಿಸುತ್ತಾರೆಂದು ನಾನು ತಮಾಷೆ ಮಾಡಿದೆ. ಲೇತ್ ಯಜಮಾನರು ನಗಲಿಲ್ಲ. ಜನಸಂದಣಿ ನೋಡಿ ಮಗನ ಕೈ ಬಿಗಿಯಾಗಿ ಹಿಡಿದುಕೊಂಡರು. ಹದಿನೇಳರ ಹುಡುಗನಿಗೆ ನಾಚಿಕೆಯಾದರೂ ಕೈ ಬಿಡಿಸಿಕೊಳ್ಳಲಿಲ್ಲ.

ವೇದಿಕೆಯ ಮೇಲೆ ಬಂದವರನ್ನು ನೋಡಿ ಹುಡುಗನಿಗೇ ಅಚ್ಚರಿ. ಕುಣಿತವಿಲ್ಲ, ಕೂಗಾಟವಿಲ್ಲ. ತಲೆಕೂದಲು ಕಡಿಮೆಯಾದ, ಕಚೇರಿಯ ಹಿರಿಯ ಗುಮಾಸ್ತರಂತೆ ಕಾಣುವ ಒಬ್ಬ ಮನುಷ್ಯ. ಎರಡೇ ವರ್ಷದ ಹಿಂದೆ, 2003ರ ಮಾರ್ಚಿನಲ್ಲಿ, ಲಂಡನ್ನಿನಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ಅವರ ಕೊರಳೆಲುಬೂ ಏಳು ಪಕ್ಕೆಲುಬುಗಳೂ ಮುರಿದಿದ್ದವು. ತಿಂಗಳುಗಟ್ಟಲೆ ಗಿಟಾರು ಹಿಡಿಯಲಾಗದೆ, ಮತ್ತೆ ಕೈ ಪಳಗಿಸಿಕೊಂಡು, ಆಲ್ಬಂ ಮಾಡಿ, ಊರೂರು ತಿರುಗಲು ಹೊರಟವರು. ಆ ಸುದ್ದಿ ಗೊತ್ತಿಲ್ಲದವರಿಗೆ ಅದರ ಸುಳಿವೂ ಸಿಗುವಂತಿರಲಿಲ್ಲ. ಪಕ್ಕದಲ್ಲಿ ಗಿಟಾರಿನ ರಿಚರ್ಡ್ ಬೆನೆಟ್, ಕೀಬೋರ್ಡಿನಲ್ಲಿ ಹಳೆಯ ಒಡನಾಡಿ ಗೈ ಫ್ಲೆಚರ್. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಯ ಜಗುಲಿಯಲ್ಲಿ ಕೂತವರಂತೆ ನುಡಿಸಿದರು.

ನಡುವೆ ಅವರು ಫಳಫಳ ಹೊಳೆಯುವ ಒಂದು ಲೋಹದ ಗಿಟಾರು ಎತ್ತಿಕೊಂಡರು. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್ಮಿನ ಹೊದಿಕೆಯ ಮೇಲೆ ನೀಲಿ ಆಕಾಶದಲ್ಲಿ ತೇಲುವ ಗಿಟಾರನ್ನು ನೋಡಿದ್ದೀರಲ್ಲ, ಆ ಜಾತಿಯದು. ಸಿ.ಡಿ. ರೂಪದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಂ ಎಂಬ ಖ್ಯಾತಿ ಅದರದು. ಆ ಗಿಟಾರಿನ ಹೆಸರು ನ್ಯಾಷನಲ್; ತಯಾರಾದದ್ದು 1937ರಲ್ಲಿ. ವಿದ್ಯುತ್ತಿನ ಗಿಟಾರು ಬಳಕೆಗೆ ಬರುವ ಮೊದಲು, ದೊಡ್ಡ ಸಭೆಗೆ ದನಿ ಮುಟ್ಟಿಸಲು ಲೋಹದ ಒಡಲಿನೊಳಗೆ ತೆಳುವಾದ ಲೋಹದ ತಟ್ಟೆಯಿಟ್ಟು ಮಾಡಿದ ಉಪಾಯ ಅದು. ತಂತಿಯ ನಡುಕ ತಟ್ಟೆಗೆ ಇಳಿಯುತ್ತದೆ, ತಟ್ಟೆ ಅದನ್ನು ದೊಡ್ಡದು ಮಾಡಿ ಹೊರಗೆ ಎಸೆಯುತ್ತದೆ.

ಅಷ್ಟು ಹೊತ್ತು ಕೈಗಡಿಯಾರ ನೋಡುತ್ತಿದ್ದ ಯಜಮಾನರು ತಲೆ ಎತ್ತಿದರು. 'ಅದು ಸ್ಟೀಲಾ?' ಎಂದು ಕೇಳಿದರು. ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ ಎಂದೆ. 'ತಗಡು ಎಷ್ಟು ತೆಳು ಇರಬೇಕು ನೋಡಿ. ಬೆಸುಗೆ ಹಾಕಿದವನು ಕೈ ನಡುಗಿಸಿದ್ದರೆ ಈ ದನಿ ಬರ್ತಿರಲಿಲ್ಲ' ಅಂದರು. ಆ ಹಾಡು ಮುಗಿಯುವ ತನಕ ಅವರು ಕಣ್ಣು ಕೀಳಲಿಲ್ಲ. ಹುಡುಗ ಹಾಡು ಬಿಟ್ಟು ಅಪ್ಪನನ್ನು ನೋಡುತ್ತಿದ್ದ.

ಆಮೇಲೆ 'ಟೆಲಿಗ್ರಾಫ್ ರೋಡ್' ಶುರುವಾಯಿತು. ಅದರ ಕಥೆಯನ್ನು ಗದ್ದಲದ ನಡುವೆಯೇ ಅವರ ಕಿವಿಯಲ್ಲಿ ಹೇಳಿದೆ: ಕಾಲುದಾರಿ, ಮೊದಲ ಮನುಷ್ಯ, ಶಾಲೆ, ಕಾರ್ಖಾನೆ, ಕೊನೆಗೆ ಮುಚ್ಚಿದ ಬಾಗಿಲು. ನಮ್ಮ ರಸ್ತೆಯ ಹಾಗೆಯೇ ಎಂದು ಸೇರಿಸಿದೆ. ಅವರು ಉತ್ತರ ಕೊಡಲಿಲ್ಲ. ಮಾತು ಮುಗಿದು ಗಿಟಾರು ಓಡತೊಡಗಿತು. ಆ ಓಟದಲ್ಲಿ ಸಿಟ್ಟಿತ್ತು, ಜೊತೆಗೆ ಎಲ್ಲಿಗಾದರೂ ತಲುಪಿಯೇ ತೀರುವ ಹಟವೂ ಇತ್ತು. ವಾಪಸು ಬರುವಾಗ, ರಾತ್ರಿಯ ಆಟೋದಲ್ಲಿ, ಟೋಲ್‌ಗೇಟ್ ಹತ್ತಿರ ಯಜಮಾನರು ತಾವಾಗಿಯೇ ಬಾಯಿ ಬಿಟ್ಟರು.

'ಆ ಹಾಡಿನಲ್ಲಿ ಕೆಲಸ ಹೋದವನು ಊರು ಬಿಡ್ತಾನೆ ಅಂದ್ರಲ್ಲ. ನಾವು ಬಿಡಲಿಲ್ಲ. ಇದೇ ರಸ್ತೆಯಲ್ಲಿ ಇನ್ನೊಂದು ಕೆಲಸ ಕಲಿತೆವು. ಅದಕ್ಕೂ ಒಂದು ಹಾಡು ಬೇಕು.'

ಮೂವತ್ತು ವರ್ಷ ಗಿಟಾರು ಕೇಳಿದ ನನಗಿಂತ ಒಂದು ಸಂಜೆ ಕೇಳಿದ ಅವರಿಗೆ ಆ ಹಾಡು ಹೆಚ್ಚು ಅರ್ಥವಾಗಿತ್ತು.

ಅಂದಿನಿಂದ ಇಂದಿಗೆ

ಓದುಗರಿಗೆ ಪರೀಕ್ಷೆಯ ಫಲಿತಾಂಶದ ಕುತೂಹಲ ಇದ್ದೇ ಇರುತ್ತದೆ. ಹುಡುಗ ಪಾಸಾದ. ಬಯಸಿದ ಸೀಟು ಸಿಗಲಿಲ್ಲ, ಸಿಕ್ಕಿದ್ದನ್ನು ಚೆನ್ನಾಗಿ ಓದಿದ. ಕಛೇರಿಗೆ ಹೋದದ್ದರಿಂದ ಅಂಕ ಕಡಿಮೆಯಾಯಿತೆಂದು ಅವನ ತಾಯಿಯೂ ಹೇಳಲಿಲ್ಲ, ಹೆಚ್ಚಾಯಿತೆಂದು ನಾನೂ ಹೇಳುವುದಿಲ್ಲ. ಅವನೀಗ ಯಂತ್ರಗಳ ವಿನ್ಯಾಸದ ಕೆಲಸದಲ್ಲಿದ್ದಾನೆ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಿಟಾರಿನವನು ಕೈಕೊಟ್ಟರೆ ಸಂಘದವರು ಇವನನ್ನು ಕರೆಯುತ್ತಾರೆ. ಪಿಕ್ ಇಲ್ಲದೆ ಮೂರು ಬೆರಳಲ್ಲೇ ನುಡಿಸುತ್ತಾನೆ.

ನಾಫ್ಲರ್ ತಮ್ಮ ಕೊನೆಯ ದೊಡ್ಡ ಪ್ರವಾಸವನ್ನು 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುಗಿಸಿದರು. 2024ರ ಜನವರಿ 31ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯ ಮೂಲಕ ತಮ್ಮ 120ಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜು ಹಾಕಿದರು. ಬಂದದ್ದು 88 ಲಕ್ಷ ಪೌಂಡಿಗೂ ಮಿಕ್ಕಿದ ಹಣ. ಅದರಲ್ಲಿ ಕಾಲು ಭಾಗ ರೆಡ್ ಕ್ರಾಸ್ ಮೊದಲಾದ ಸೇವಾ ಸಂಸ್ಥೆಗಳಿಗೆ. ಗಿಟಾರುಗಳು ಪೆಟ್ಟಿಗೆಯಲ್ಲಿ ಮಲಗಿರಬಾರದು, ಯಾರಾದರೂ ನುಡಿಸಬೇಕು ಎಂಬುದು ಅವರ ಆಶಯ. ಅದೇ ವರ್ಷದ ಏಪ್ರಿಲ್‌ನಲ್ಲಿ ಹೊಸ ಆಲ್ಬಂ ಕೂಡ ತಂದರು. ಊರೂರು ತಿರುಗುವುದು ನಿಂತಿದೆ, ಹಾಡು ಕಟ್ಟುವುದು ನಿಂತಿಲ್ಲ.

ನಮ್ಮ ರಸ್ತೆಯೂ ನಿಂತಿಲ್ಲ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆ ನಿಲ್ದಾಣದಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ಬಂತು. ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳಲ್ಲಿ ನಿಲ್ದಾಣಗಳಾದವು. ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆಯವರೆಗೆ ಇನ್ನೊಂದು ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕಾಲುದಾರಿ, ಗಾಡಿ ದಾರಿ, ಡಾಂಬರು, ಮೇಲ್ಸೇತುವೆ, ಈಗ ಕಂಬದ ಮೇಲಿನ ಹಳಿ. ಹಾಡಿಗೆ ಇನ್ನೊಂದು ಚರಣ ಸೇರುತ್ತಿದೆ.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಹೋಗಿಬನ್ನಿ. ಬಿನ್ನಿ ಮಿಲ್ ಇದ್ದ ಜಾಗದಿಂದ ಹೊರಡಿ. ಟೋಲ್‌ಗೇಟಿನಲ್ಲಿ ಇಳಿದು ಸುಂಕದ ಕಥೆ ಹೇಳಿ. ಕಾಮಾಕ್ಷಿಪಾಳ್ಯದಲ್ಲಿ ಭಾನುವಾರವೂ ಯಾವುದೋ ಒಂದು ಲೇತ್ ತಿರುಗುತ್ತಿರುತ್ತದೆ, ಎರಡು ನಿಮಿಷ ನಿಂತು ಕೇಳಿ. ಅದಕ್ಕೂ ಒಂದು ಶ್ರುತಿಯಿದೆ. ತಾವರೆಕೆರೆ ದಾಟಿ ಮಾಗಡಿ ಮುಟ್ಟಿದರೆ ಸೋಮೇಶ್ವರ ದೇವಸ್ಥಾನ, ರಂಗನಾಥಸ್ವಾಮಿ ದೇವಸ್ಥಾನ ನೋಡಬಹುದು. ದಾರಿಯಲ್ಲಿ ಮನೆಯ ಹಿರಿಯರು ಯಾರು ಮೊದಲು ಈ ರಸ್ತೆಗೆ ಬಂದರು, ಯಾವ ಕೆಲಸ ಬಿಟ್ಟು ಯಾವ ಕೆಲಸ ಹಿಡಿದರು ಎಂದು ಮಕ್ಕಳು ಕೇಳಲಿ, ಬರೆದುಕೊಳ್ಳಲಿ. ಲೇತ್ ಯಜಮಾನರು ಕೇಳಿದ ಹಾಡು ಇನ್ನೂ ಬಾಕಿಯಿದೆ. ಅದನ್ನು ಕಟ್ಟುವವರು ಗ್ಲಾಸ್ಗೋದಿಂದ ಬರಬೇಕಾಗಿಲ್ಲ.